ಮಕ್ಕಳ ವಾರ್ಡಿನ ಹರವಿ

ಮಕ್ಕಳ ವಾರ್ಡಿನ ಬಾಗಿಲಲ್ಲಿ ನಿಂತು ನಾನು ಬಂದ ಪ್ರತಿ ತಾಯಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ನಿಮ್ಮ ಮನಿ ಪದ್ಧತಿ ಏನೈತ್ರಿ? ಕೂಸಿಗೆ ಏನ ಮಾಡಿದ್ರ ನಡೀತೈತಿ, ಏನ ಮಾಡಿದ್ರ ನಡ್ಯಂಗಿಲ್ಲ, ಮೊದ್ಲ ಹೇಳಿಬಿಡ್ರಿ." ಜ್ವರದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಿಂದ ನೇರವಾಗಿ ಬಂದ ಹೆಣ್ಣುಮಕ್ಕಳು ಇದನ್ನು ಕೇಳಿ ಕಕ್ಕಾಬಿಕ್ಕಿಯಾಗುತ್ತಿದ್ದರು. ಆಸ್ಪತ್ರೆಯವರು ಬೈಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಕೇಳುತ್ತಾರೆ ಎಂಬುದು ಗೊತ್ತಿರಲಿಲ್ಲ.

ಇದು ಎಂಬತ್ತರ ದಶಕದ ಮಾತು. ಧಾರವಾಡ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಧರ್ಮಾರ್ಥದ ಆಸ್ಪತ್ರೆ. ಅದರ ಮಕ್ಕಳ ವಾರ್ಡಿನ ಉಸ್ತುವಾರಿ ನನ್ನದು. ಆ ಪ್ರಶ್ನೆಯನ್ನು ಕಟ್ಟಿದವಳು ನಾನೇ. ಅದಕ್ಕೂ ಮುಂಚೆ ನಮ್ಮಲ್ಲಿ ಮಕ್ಕಳು ಗುಣವಾಗಿ ಹೋಗುವುದಕ್ಕಿಂತ ಮನೆಯವರು ಅರ್ಧಕ್ಕೇ ಎತ್ತಿಕೊಂಡು ಹೋಗುವುದು ಹೆಚ್ಚಾಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಕಾಟು ಖಾಲಿ, ಚಾದರ ಮಡಚಿ ಇಟ್ಟಿರುತ್ತಿದ್ದರು. ಒಂದು ದಿನ ದೊಡ್ಡ ಡಾಕ್ಟರು ಬೇಸತ್ತು, ಔಷಧದ ಚಿಂತೆ ತಮಗಿರಲಿ, ಮಂದಿ ಯಾಕೆ ಓಡಿ ಹೋಗುತ್ತಾರೆ ಎಂಬುದನ್ನು ನಾನು ನೋಡಿಕೊಳ್ಳಬೇಕು ಅಂದರು.

ನೋಡಿದೆ. ಕಾರಣಗಳು ಔಷಧದಲ್ಲಿರಲಿಲ್ಲ. ಕೂಸನ್ನು ಒಳಗೆ ತಂದ ಕೂಡಲೇ ನಮ್ಮವರು ಕತ್ತರಿ ಹಿಡಿದು ಕೊರಳ ದಾರ, ತಾಯಿತ ಎಲ್ಲ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ಮುಖ ಮುಚ್ಚಿಕೊಂಡು ಬಂದ ಮುಸ್ಲಿಂ ಹೆಣ್ಣುಮಕ್ಕಳು ಪರಗಂಡಸರು ಅಡ್ಡಾಡುವ ಕಡೆ ಕೂಸಿಗೆ ಮೊಲೆ ಕೊಡಲಾರದೆ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದರು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ತಾಯಂದಿರಿಗೆ ಬಚ್ಚಲಿನ ಕೀಲಿ ಬೆಳಗಿನ ಡಾಕ್ಟರ ಸುತ್ತು ಮುಗಿಯುವ ತನಕ ಸಿಗುತ್ತಿರಲಿಲ್ಲ. ದಡಾರ ಎದ್ದ ಕೂಸಿದ್ದರಂತೂ ಮುಗಿದೇ ಹೋಯಿತು. ಮೈಮೇಲೆ ಅಮ್ಮ ಬಂದಿರುವಾಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ನಮ್ಮ ಅಡಿಗೆಮನೆಯೋ ವಾರ್ಡಿನ ಬೆನ್ನಿಗೇ ಇತ್ತು. ಅಲ್ಲಿ ಸಾಸಿವೆ ಚಟಪಟ ಅಂದರೆ ಇಲ್ಲಿ ಅಜ್ಜಿಯರು ಗಂಟು ಕಟ್ಟುತ್ತಿದ್ದರು.

ಒಂದೊಂದಾಗಿ ಸರಿಪಡಿಸಿದೆ. ತಾಯಿತವನ್ನು ಬಿಚ್ಚಿ ತಾಯಿಯ ಕೈಯಿಂದಲೇ ದಿಂಬಿಗೆ ಪಿನ್ನು ಹಾಕಿಸಿದೆ. ಮೂಲೆಗೊಂದು ಪರದೆ ಬಂತು. ಬಚ್ಚಲ ಕೀಲಿ ನನ್ನ ಸೊಂಟಕ್ಕೇ ಬಂತು. ದುಮ್ಮವಾಡದ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಕಾಟಿನ ಸುತ್ತ ಬೇವಿನ ಸೊಪ್ಪು ಸಿಕ್ಕಿಸಿದರೆ ಸಿಕ್ಕಿಸಲಿ ಎಂದು ಬಿಟ್ಟೆ. ದಡಾರದ ಕೂಸು ಇರುವಷ್ಟು ದಿನ ಅಡಿಗೆಯವನಿಗೆ ಒಗ್ಗರಣೆ ಬಂದ್ ಮಾಡಿಸಿದೆ. ಅದೇ ಸಾರು ಉಣ್ಣುತ್ತಿದ್ದ ದೊಡ್ಡ ಡಾಕ್ಟರು, "ಏನ್ರಿ ಸಿಸ್ಟರ್, ನನಗೂ ಅಮ್ಮ ಬಂದಾಳಂತ ತಿಳಕೊಂಡೀರೇನು?" ಅಂದರು. ಆದರೆ ಉಂಡರು. ಕಾಟುಗಳು ಖಾಲಿಯಾಗುವುದು ಕಡಿಮೆಯಾಯಿತು.

ನೀರಿನದೊಂದು ಉಳಿದಿತ್ತು.

ಆಸ್ಪತ್ರೆಯ ಬೋರಿನ ನೀರು ಸವಳು. ಬಳಸಲು ಆದೀತು, ಕುಡಿದರೆ ಗಂಟಲಿಗೆ ಇಳಿಯದು, ಇಳಿದರೆ ಹೊಟ್ಟೆ ಕೆಡಿಸುತ್ತದೆ. ಕುಡಿಯಲು ಕೆರೆ ನೀರೇ ಆಗಬೇಕು. ಅದನ್ನು ತಂದು, ಕುದಿಸಿ ಆರಿಸಿ, ಪಡಸಾಲೆಯ ದೊಡ್ಡ ಮಣ್ಣಿನ ಹರವಿಗೆ ತುಂಬುತ್ತಿದ್ದೆವು. ಆ ಹರವಿಗೆ ಯಾರು ಕೈ ಹಾಕಿದರು, ಯಾರ ಪಾತ್ರೆ ಅದ್ದಿತು ಎಂದು ದಿನಾ ಜಗಳ. ಒಂದೆರಡು ಮನೆತನದವರು ಈ ಕಾರಣಕ್ಕೇ ಕೂಸನ್ನು ಎತ್ತಿಕೊಂಡು ಹೋದರು. ಅದಕ್ಕೆ ನಾನೊಂದು ಹಾದಿ ತೆಗೆದೆ: ಹರವಿಯನ್ನು ನಮ್ಮ ಆಯಾ ಒಬ್ಬಳೇ ಮುಟ್ಟಬೇಕು. ಕೇಳಿದವರಿಗೆ ಅವಳೇ ತಂಬಿಗೆಯಲ್ಲಿ ತೆಗೆದು ಹಾಕಬೇಕು. ಸ್ವಚ್ಛತೆಗೆ ಎಂದು ಎಲ್ಲರಿಗೂ ಹೇಳಿದೆ. ಸ್ವಚ್ಛತೆಯೂ ಅದರಲ್ಲಿತ್ತು.

ಆಯಾ ವಯಸ್ಸಾದ ಹೆಣ್ಣುಮಗಳು. ಹಣೆಯ ತುಂಬ ವಿಭೂತಿ, ಕೈ ಬಲು ಹಗುರ. ಅಳುವ ಕೂಸು ಅವಳ ಹೆಗಲಿಗೆ ಬಿದ್ದರೆ ಸುಮ್ಮನಾಗುತ್ತಿತ್ತು. ಅವಳು ಹೊಸಬರಿಗೆ ನೀರು ಹಾಕುವ ಮುಂಚೆ ತನ್ನದೂ ಒಂದು ಪ್ರಶ್ನೆ ಕೇಳುತ್ತಿದ್ದಳು: ಯಾವ ಊರು, ಯಾವ ಓಣಿ? ನನ್ನ ಪ್ರಶ್ನೆಗಿಂತ ಅದು ಚಿಕ್ಕದು, ಉತ್ತರವೂ ಬೇಗ ಸಿಗುತ್ತಿತ್ತು. ಕೆಲವರ ಗ್ಲಾಸಿಗೆ ತಂಬಿಗೆ ತಾಗಿಸಿಯೇ ಹಾಕುತ್ತಿದ್ದಳು. ಕೆಲವರಿಗೆ ತಂಬಿಗೆಯನ್ನು ಎದೆಯ ಮಟ್ಟಕ್ಕೆ ಎತ್ತುತ್ತಿದ್ದಳು, ಅವರು ಬಾಗಿ ಬೊಗಸೆ ಹಿಡಿಯುತ್ತಿದ್ದರು. ಆದರೆ ಕೂಸುಗಳು ಬದುಕಿ ಉಳಿದವು, ತಾಯಂದಿರು ಅರ್ಧಕ್ಕೆ ಹೋಗದೆ ನಿಂತರು. ಹುಬ್ಬಳ್ಳಿಯ ಕಡೆಯಿಂದ ಬೇರೆ ಆಸ್ಪತ್ರೆಯ ನರ್ಸುಗಳು ನಮ್ಮ ವಾರ್ಡನ್ನು ನೋಡಲು ಬರತೊಡಗಿದರು.

ಮಧ್ಯಾಹ್ನ ನಾನು ಡ್ಯೂಟಿ ಕೋಣೆಯಲ್ಲಿ ರೊಟ್ಟಿ ಬಿಚ್ಚಿದರೆ ಆಯಾ ತನ್ನ ಮನೆಯಿಂದ ತಂದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಸಣ್ಣ ಸ್ಟೀಲಿನ ಡಬ್ಬಿಯನ್ನು ನನ್ನ ಮುಂದೆ ಸರಿಸುತ್ತಿದ್ದಳು. ನಾನು ತೊಳೆಯಲು ಎದ್ದರೆ, ಡಬ್ಬಿ ತೊಳೆಯಬೇಡಿ, ನಿಮ್ಮ ಕೈಗೆ ಸ್ಪಿರಿಟಿನ ವಾಸನೆ ಇರುತ್ತದೆ ಎಂದು ಕಸಿದುಕೊಳ್ಳುತ್ತಿದ್ದಳು. ನಾನು ದಿನಾ ರೊಟ್ಟಿ ಕಾಳುಪಲ್ಯ ಉಣ್ಣುವುದನ್ನು ನೋಡಿ, ಊರು ಧಾರವಾಡದ ಕಡೆಯದು ಎಂದು ಕೇಳಿ, ಇವರು ನಮ್ಮೋರೇ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹಿಂಡಿ ಉಂಡೆ.

ನಾವು ಬೌದ್ಧರು. ನಮ್ಮೂರು ಸಂಶಿಯಿಂದ ಆಚೆ. ನಮ್ಮಪ್ಪ ಹರೆಯದಲ್ಲೇ ಮನೆಯ ಹಳೆಯ ದೇವರುಗಳನ್ನು ಇಳಿಸಿ, ಗೋಡೆಗೆ ಬುದ್ಧನ ಪಟ ಹಾಕಿದವನು. ಬಾಗಿಲಲ್ಲಿ ಒಂದು ಹರವಿ ಇಟ್ಟು ಅದರ ಬಾಜುಕ್ಕೆ ದಾರ ಕಟ್ಟಿದ ಗ್ಲಾಸು ತೂಗುಬಿಟ್ಟಿದ್ದ. ಬಂದವರು ಯಾರೇ ಆಗಲಿ, ಕೇಳದೆ ಅದ್ದಿ ಕುಡಿಯಬೇಕು. ಹೊರಗಿನವರು ಯಾರೂ ಕುಡಿಯುತ್ತಿರಲಿಲ್ಲ. ಆದರೂ ದಿನಾ ತುಂಬುತ್ತಿದ್ದ. ನಮ್ಮ ಓಣಿಯ ಮಕ್ಕಳಿಗೆಲ್ಲ ಅವನದು ಒಂದೇ ಪಾಠ: ಯಾರಿಗೂ ಬೊಗಸೆ ಹಿಡಿಯಬೇಡಿ, ಬೇಕಾದರೆ ನೀರಡಿಸಿಕೊಂಡು ಮನೆಗೆ ಬನ್ನಿ.

ಒಂದು ಬೇಸಿಗೆ, ಯುಗಾದಿ ಆಗಿ ಬಿಸಿಲು ಏರುತ್ತಿದ್ದಾಗ, ವಾರ್ಡಿನ ಬಾಗಿಲಲ್ಲಿ ನಮ್ಮ ಚಿಗವ್ವ ನಿಂತಿದ್ದಳು. ನಮ್ಮವ್ವನ ತಂಗಿ, ನಮ್ಮ ಓಣಿಯವಳೇ. ಹಿಂದೆ ಅವಳ ಮಗಳು, ಅಂದರೆ ನನ್ನ ತಂಗಿ, ಇನ್ನೂ ಹಲ್ಲು ಬಾರದ ಕೂಸನ್ನು ಎತ್ತಿಕೊಂಡಿದ್ದಳು. ದಡಾರ ಇಳಿದ ಮೇಲೆ ಕೂಸಿಗೆ ಎದೆ ಕಟ್ಟಿತ್ತು. ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಜಗ್ಗುತ್ತಿತ್ತು. ನಾನಿಲ್ಲಿ ಇದ್ದೇನೆಂದೇ ಅಷ್ಟು ದೂರ ಬಂದಿದ್ದರು.

ಚಿಗವ್ವನ ಬಾಯಿ ನನ್ನ ಹೆಸರಿಗೆ ತೆರೆಯಿತು. ಅಷ್ಟರಲ್ಲಿ ಅವಳ ಕಣ್ಣು ನನ್ನ ಬಿಳಿ ಸೀರೆಗೆ, ಬಾಜು ನಿಂತಿದ್ದ ಆಯಾಳ ಹಣೆಗೆ, ಅವಳ ಕೈಯ ತಂಬಿಗೆಗೆ ಹೋಗಿಬಂತು. ಅವಳು ಬಾಯಿ ಮುಚ್ಚಿ ಕೈ ಮುಗಿದಳು.

"ನಮಸ್ಕಾರ್ರಿ ಬಾಯಾರ."

ಹೊರಗಿನವರು ನರ್ಸಬಾಯಿಗೆ ಅನ್ನುವ ಹಾಗೆ ಬಾಯಾರ ಅಂದಳು. ನನ್ನನ್ನು ಎತ್ತಿ ಆಡಿಸಿದ ಕೈಗಳು ಅವು. ನಾಚಿಕೆ ಆಮೇಲೆ ಬಂತು. ಆ ಗಳಿಗೆಯಲ್ಲಿ ನನಗೆ ಮೊದಲು ಬಂದದ್ದು ಒಂದು ನೆಮ್ಮದಿಯ ಉಸಿರು. ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಆಯಾ ಕೇಳುತ್ತ ನಿಂತಿದ್ದಳು, ಹಾಗಾಗಿ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದೆ. ನಿಮ್ಮ ಮನೆಯ ಪದ್ಧತಿ ಏನು ಎಂದು, ನನ್ನ ಚಿಗವ್ವನಿಗೆ.

"ನಮ್ಮದೇನ ಪದ್ಧತಿ ಐತ್ರಿ ಬಾಯಾರ," ಅಂದಳು ಅವಳು. "ನೀವ ಹೆಂಗ ಅಂತೀರಿ ಹಂಗ."

ತಂಗಿ ನನ್ನನ್ನೇ ನೋಡುತ್ತಿದ್ದಳು.

ಕೂಸಿಗೆ ಇಂಜೆಕ್ಷನ್ ಶುರುವಾಯಿತು. ಕಾಟು ಪಡಸಾಲೆಯ ಕಡೆಗೆ ಇತ್ತು, ಅಲ್ಲಿಂದ ಹರವಿ ನೇರ ಕಾಣುತ್ತಿತ್ತು. ಆಯಾ ಹೋಗಿ ಊರು, ಓಣಿ ಕೇಳಿದಳು. ಚಿಗವ್ವ ಹೇಳಿದಳು. ತಂಬಿಗೆ ಎದೆಯ ಮಟ್ಟಕ್ಕೆ ಎದ್ದಿತು. ಚಿಗವ್ವ ಬಾಗಿ ಬೊಗಸೆ ಹಿಡಿದಳು. ನಮ್ಮಪ್ಪ ಹೋದ ಮೇಲೂ ನಮ್ಮ ಓಣಿಯಲ್ಲಿ ಯಾರೂ ಹಿಡಿಯದ ಬೊಗಸೆ ಅದು. ನೀರು ಮೊಣಕೈಗುಂಟ ಇಳಿದು ಸೀರೆ ತೊಯ್ಯಿತು. ನಾನು ಆ ಹೊತ್ತಿಗೆ ಥರ್ಮಾಮೀಟರು ಝಾಡಿಸುತ್ತ ನಿಂತಿದ್ದೆ. ಪಾದರಸ ಯಾವಾಗಲೋ ಇಳಿದಿತ್ತು, ಆದರೂ ಝಾಡಿಸುತ್ತಿದ್ದೆ. ತಂಗಿಯ ಸರದಿ ಬಂದಾಗ ಅವಳು ಮುಖ ತಿರುಗಿಸಿ, ನನಗೆ ನೀರಡಿಕೆ ಇಲ್ಲ ಅಂದಳು.

ಮರುದಿನವೂ ಇಲ್ಲ ಅಂದಳು. ಚಿಗವ್ವ ಬೋರಿನ ನೀರು ಹಿಡಿದು ತಂದು ಕೊಟ್ಟಳು. ಅದನ್ನು ಕುಡಿದು ತಂಗಿಗೆ ಹೊಟ್ಟೆ ತೊಳೆಸಿ ವಾಂತಿಯಾಯಿತು. ಚಿಗವ್ವ ಪೇಟೆಗೆ ಹೋಗಿ ಹೋಟೆಲಿನಿಂದ ಒಂದಿಷ್ಟು ಚಹಾ ತಂದಳು. ಆ ಬಿಸಿಲಿನಲ್ಲಿ ಒಂದು ಕಪ್ ಚಹಾ ಯಾವ ಮೂಲೆಗೆ?

ಆ ದಿನವೇ ಹುಬ್ಬಳ್ಳಿಯ ನರ್ಸುಗಳು ಬಂದಿದ್ದರು. ನಾನು ಪರದೆ ತೋರಿಸಿದೆ, ದಿಂಬಿಗೆ ಚುಚ್ಚಿದ ತಾಯಿತ ತೋರಿಸಿದೆ, ಒಗ್ಗರಣೆಯ ಕಥೆ ಹೇಳಿ ನಗಿಸಿದೆ. ಇಲ್ಲಿ ಎಲ್ಲರಿಗೂ ಅವರವರ ಪದ್ಧತಿಗೆ ತಕ್ಕ ಹಾಗೆ ಉಪಚಾರ ಎಂದೆ. ಅವರಲ್ಲಿ ಒಬ್ಬಾಕೆ, ನೀರನ್ನು ಯಾಕೆ ಒಬ್ಬರೇ ಹಾಕುತ್ತಾರೆ ಎಂದು ಕೇಳಿದಳು. ಸ್ವಚ್ಛತೆಗೆ ಎಂದೆ. ಆಕೆ ತಲೆದೂಗಿದಳು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ತಂಗಿ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು.

ಅದರ ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಕೂಸಿನ ಬಳಿ ಬಹಳ ಹೊತ್ತು ನಿಂತರು. ಎದೆ ತುಸು ಸಡಿಲಾಗಿತ್ತು, ಆದರೆ ಕೂಸು ಸೊರಗುತ್ತಿತ್ತು. ಮೊಲೆಗೆ ಬಾಯಿ ಹಾಕುತ್ತದೆ, ಚೀಪುತ್ತದೆ, ಬಿಟ್ಟು ಅಳುತ್ತದೆ. ಆ ಅಳುವಿನಲ್ಲೂ ಶಕ್ತಿ ಇರಲಿಲ್ಲ. ಡಾಕ್ಟರು ತಾಯಿಯ ನಾಲಿಗೆ ನೋಡಿದರು. ನೀರು ಕುಡಿಯುತ್ತಿಲ್ಲವೇನಮ್ಮಾ ಎಂದು ಕೇಳಿದರು. ಅವಳು ನೆಲ ನೋಡಿದಳು. ಅವರು ನನ್ನ ಕಡೆ ತಿರುಗಿದರು.

"ವ್ರತ ಗಿತ ಏನರ ಹಿಡದಾರೇನು? ಇವರ ಪದ್ಧತಿ ಏನೈತಿ, ನೀವ ಕೇಳ್ರಿ ಸಿಸ್ಟರ್, ನಿಮಗಾದ್ರ ಹೇಳ್ತಾರ. ಸಂಜಿ ತನಕ ಹಾಲ ಬರಲಿಲ್ಲಂದ್ರ ಮೂಗಿನಾಗ ನಳಿಗಿ ಹಾಕಬೇಕಾಗ್ತದ. ಇಂಥಾ ಎದಿ ಇಟಗೊಂಡು ಈ ಕೂಸು ಅದನ್ನ ತಡಕೋತದೋ ಇಲ್ಲೋ."

ಡಾಕ್ಟರು ಮುಂದಿನ ಕಾಟಿಗೆ ಹೋದರು. ನಾನು ತಂಗಿಯ ಬಾಜು ಕೂತೆ. ಯಾರಿಗೂ ಕೇಳದ ದನಿಯಲ್ಲಿ, ಕೂಸಿನ ಮುಖ ನೋಡಿಯಾದರೂ ಕುಡಿ ಎಂದೆ. ಅವಳು ಅಷ್ಟೇ ಮೆಲ್ಲಗೆ ಹೇಳಿದಳು.

"ನಮ್ಮ ಪದ್ಧತಿ ನಿನಗ ಗೊತ್ತಿಲ್ಲೇನ ಅಕ್ಕಾ? ಅವ್ವ ಬೊಗಸಿ ಹಿಡದ್ಳು, ನಿನ್ನ ಸಲುವಾಗಿ. ನಾ ಹಿಡ್ಯಂಗಿಲ್ಲ. ದೊಡ್ಡಪ್ಪ ನಮಗ ಹಂಗ ಕಲಿಸಿಲ್ಲ."

ದೊಡ್ಡಪ್ಪ ಅಂದರೆ ನನ್ನಪ್ಪ.

ನಾನು ಎದ್ದು ಹೋಗಿ ಡ್ಯೂಟಿ ಕೋಣೆಯಿಂದ ನನ್ನ ಗ್ಲಾಸು ತಂದೆ. ಹರವಿಯ ಮುಚ್ಚಳ ತೆಗೆದೆ. ಆಯಾ, ತಡೀರಿ ನಾ ಹಾಕ್ತೀನಿ ಎಂದು ಎದ್ದಳು. ಬೇಡವೆಂದು ನಾನೇ ಅದ್ದಿ ತುಂಬಿಸಿದೆ. ಯಾಕೆ ಎಂದು ಕೇಳಿದಳು. ಡಾಕ್ಟರು ಹೇಳಿದ್ದಾರೆ ಎಂದೆ. ಬಾಯಿ ತೆರೆದರೆ ಬಂದದ್ದು ಅದೇ. ಆ ಗ್ಲಾಸನ್ನು ತಂದು ತಂಗಿಯ ಕೈಗೆ ಕೊಟ್ಟೆ. ಅವಳು ಅದನ್ನು ಕಾಟಿನ ಕೆಳಗೆ ನೆಲದ ಮೇಲೆ ಇಟ್ಟಳು.

"ಡಾಕ್ಟರ್ ಹೇಳ್ಯಾರಂತ ತಂದಿ ಹೌದಿಲ್ಲೋ," ಅಂದಳು.

ಕೂಸು ಅಳುತ್ತಿತ್ತು. ಅಳು ಅನ್ನುವುದಕ್ಕಿಂತ ಬೆಕ್ಕಿನ ಮರಿ ನರಳಿದ ಹಾಗಿತ್ತು. ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು, ಹಟ ಮಾಡಬೇಡ ಎಂದು ಮಗಳ ಕಾಲು ಮುಟ್ಟಲು ಬಂದಳು. ಅದನ್ನು ನೋಡಲಾರದೆ ನಾನು ತಂಗಿಯ ರಟ್ಟೆ ಹಿಡಿದೆ. ಏಳು, ನಡಿ, ನೀನೇ ತಗೊ ಎಂದೆ. ಕೂಸನ್ನು ಚಿಗವ್ವನ ತೊಡೆಗೆ ಹಾಕಿ ಅವಳು ಎದ್ದಳು. ನಾಲ್ಕು ಹೆಜ್ಜೆಯ ದಾರಿ ಅದು. ಆಯಾ ಹರವಿಯ ಮುಂದೆ ಬಂದು ನಿಂತಳು. ಸಿಟ್ಟಿನಿಂದ ಅಲ್ಲ, ನನಗೇನೋ ತಿಳಿಯದೆ ಆಗುತ್ತಿದೆ, ತಪ್ಪಿಸಬೇಕು ಎನ್ನುವ ಕಾಳಜಿಯಿಂದ. ದನಿ ತಗ್ಗಿಸಿಯೇ ಕೇಳಿದಳು.

"ಬಾಯಾರ, ಈ ಹುಡುಗಿ ಯಾವ ಓಣಿಯಾಕಿ, ಗೊತ್ತೈತಿಲ್ಲೋ ನಿಮಗ?"

ವಾರ್ಡಿನ ತಾಯಂದಿರೆಲ್ಲ ನೋಡುತ್ತಿದ್ದರು. ಗೊತ್ತಿಲ್ಲ ಎಂದುಬಿಡಲೂ ಬಹುದಿತ್ತು.

"ಗೊತ್ತೈತಿ ಅಜ್ಜಿ," ಅಂದೆ. "ನಂದೂ ಅದ ಓಣಿ."

ಧೈರ್ಯದಿಂದ ಹೇಳಿದೆನೆಂದು ಯಾರೂ ತಿಳಿಯಬಾರದು. ಕಳ್ಳತನದಲ್ಲಿ ಸಿಕ್ಕುಬಿದ್ದವರು ಮಾತಾಡುವ ಹಾಗೆ, ನನ್ನ ಚಪ್ಪಲಿ ನೋಡುತ್ತ ಹೇಳಿದೆ. ಆಯಾ ಸರಿದಳು. ನನ್ನ ಮಾತಿಗೆ ಸರಿದಳೋ, ನನ್ನಿಂದ ದೂರ ಸರಿದಳೋ, ಎರಡಕ್ಕೂ ಹೆಜ್ಜೆ ಒಂದೇ. ತಂಗಿ ಹರವಿಯೊಳಗೆ ತಂಬಿಗೆ ಅದ್ದಿದಳು. ಒಂದು ತಂಬಿಗೆ ಪೂರ್ತಿ ಕುಡಿದಳು, ಗಂಟಲು ಏರಿಳಿಯುವುದು ಕಾಣುತ್ತಿತ್ತು. ಇನ್ನೊಂದು ತುಂಬಿದಳು. ಅದನ್ನೂ ಕುಡಿದು, ಮೂರನೆಯದನ್ನು ಅರ್ಧ ತುಂಬಿ ನನ್ನ ಮುಂದೆ ಹಿಡಿದಳು. ನೀನೂ ಕುಡಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನು ಕುಡಿದೆ.

ಯರಗುಪ್ಪಿಯ ಕಡೆಯ ಒಬ್ಬ ಅಜ್ಜಿ ಅಲ್ಲೇ ಗಂಟು ಕಟ್ಟತೊಡಗಿದಳು. ಅವಳ ಮೊಮ್ಮಗನಿಗೆ ಇನ್ನೂ ಇಂಜೆಕ್ಷನ್ ಉಳಿದಿದ್ದವು. ನಾನು ಹೋಗಿ ಮುಂದೆ ನಿಂತೆ. ಅವಳು ನನ್ನ ಮುಖ ನೋಡಿದಳು, ಮೊಮ್ಮಗನನ್ನು ನೋಡಿದಳು, ಕಟ್ಟಿದ್ದನ್ನು ಮತ್ತೆ ಬಿಚ್ಚಿದಳು. ಆ ಸಂಜೆಯಿಂದ ತನ್ನದೇ ಕೊಡ ತರಿಸಿಕೊಂಡಳು. ಇನ್ನೂ ಒಂದಿಬ್ಬರು ಹಾಗೇ ಮಾಡಿದರು. ಯಾರೂ ಕೂಸನ್ನು ಎತ್ತಿಕೊಂಡು ಹೋಗಲಿಲ್ಲ. ಇಷ್ಟು ದಿನ ನಾನು ಅಂಜಿದ್ದು ಇದಕ್ಕೇನು ಎಂದು ಅನಿಸಿದಾಗ ನಾಚಿಕೆ ಇಮ್ಮಡಿಯಾಯಿತು. ಆ ಪಡಸಾಲೆಯಲ್ಲಿ ಬೊಗಸೆ ಹಿಡಿದು ಹೋದ ತಾಯಂದಿರೆಲ್ಲ ನೆನಪಾದರು. ಒಬ್ಬರ ಮುಖವೂ ಸರಿಯಾಗಿ ಕಣ್ಣ ಮುಂದೆ ಬರಲಿಲ್ಲ. ಬಾಗಿದವರ ನೆತ್ತಿ ಮಾತ್ರ ಕಾಣುತ್ತಿತ್ತು.

ಇಳಿಹೊತ್ತಿಗೆ ತಂಗಿಗೆ ಹಾಲು ಇಳಿಯಿತು. ಕೂಸು ಚೀಪಿತು, ಬಿಡಲಿಲ್ಲ. ಚೀಪುತ್ತಲೇ ನಿದ್ದೆ ಹೋಯಿತು. ಡಾಕ್ಟರು ನಳಿಗೆಯ ಮಾತು ಎತ್ತಲಿಲ್ಲ. ಪದ್ಧತಿ ಏನಂತೆ ಎಂದು ನನ್ನನ್ನು ಕೇಳಿದರು. ಎಲ್ಲರೂ ಕುಡಿಯುವ ಹರವಿಯಲ್ಲಿ ತಾವೇ ತೆಗೆದುಕೊಂಡು ಕುಡಿಯುವುದು ಅವರ ಪದ್ಧತಿ ಎಂದೆ. ಆಮೇಲೆ 'ನಮ್ಮ' ಎಂದು ತಿದ್ದಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಗಾದರೆ ಹರವಿಯ ಬಾಜು ಒಂದು ಗ್ಲಾಸು ಕಟ್ಟಿಸಿ ಅಂದರು. ದಾರ ಹುಡುಕಿ ನಾನೇ ಕಟ್ಟಿದೆ. ಬೆರಳಿಗೆ ಆ ಗಂಟು ಮರೆತಿರಲಿಲ್ಲ.

ಚಿಗವ್ವನಿಗೆ ಮಾತ್ರ ಸಿಟ್ಟು. ಬಚ್ಚಲ ಹಿಂದೆ ನನ್ನನ್ನು ಎಳೆದುಕೊಂಡು ಹೋಗಿ ಬೈದಳು: ನಿನ್ನ ಮರ್ಯಾದೆ ಉಳಿಯಲಿ ಅಂತ ನಾನು ಬಾಗಿದರೆ ನೀನು ಬಾಯಿ ಬಿಟ್ಟು ಕಳೆದುಕೊಂಡೆಯಲ್ಲ, ನಾಳೆ ಈ ಮಂದಿ ನಿನ್ನನ್ನು ಇಲ್ಲಿ ಬಾಳಗೊಡುತ್ತಾರೇನು ಎಂದು. ಬೈಯುತ್ತಲೇ ನನ್ನ ಸೀರೆಯ ನೆರಿಗೆ ಸರಿಮಾಡಿದಳು. ಗುಣವಾದ ಕೂಸನ್ನು ಎತ್ತಿಕೊಂಡು ಹೊರಟ ದಿನವೂ ಎಲ್ಲರ ಮುಂದೆ ಬಾಯಾರ ಅಂದೇ ಕೈ ಮುಗಿದಳು. ಒಮ್ಮೆ ಹಿಡಿದ ಹಟ ಬಿಡುವವಳಲ್ಲ ಅವಳು. ತಂಗಿ ಮಾತ್ರ ಬಾಗಿಲಲ್ಲಿ ನಿಂತು, ಹೋಗಿಬರ್ತೀನಿ ಅಕ್ಕಾ ಎಂದು ಪಡಸಾಲೆಗೆಲ್ಲ ಕೇಳುವ ಹಾಗೆ ಹೇಳಿದಳು.

ಬಾಗಿಲಲ್ಲಿ ಆ ಪ್ರಶ್ನೆ ಕೇಳುವುದನ್ನು ನಾನು ಬಿಡಲಿಲ್ಲ. ಬಿಟ್ಟರೆ ಮತ್ತೆ ಕತ್ತರಿ ಬರುತ್ತಿತ್ತು. ಆದರೆ ಕೇಳಿದ ಮೇಲೆ ಉತ್ತರ ಬರುವ ತನಕ ತಾಯಿಯ ಮುಖವನ್ನೇ ನೋಡುವುದನ್ನು ರೂಢಿ ಮಾಡಿಕೊಂಡೆ. ನಮ್ಮದೇನೂ ಪದ್ಧತಿ ಇಲ್ಲ ಅಂದವರಿಗೆ ಹರವಿ ತೋರಿಸಿ, ಗ್ಲಾಸು ಅಲ್ಲಿದೆ, ನೀವೇ ತಗೊಳ್ಳಿ ಎನ್ನುತ್ತಿದ್ದೆ. ಆಯಾ ಎಂದಿನಂತೆ ನೀರು ತಂದು, ಕುದಿಸಿ, ತುಂಬಿಸುತ್ತಿದ್ದಳು. ಯಾರಿಗೂ ಓಣಿ ಕೇಳಲಿಲ್ಲ. ಆ ಗ್ಲಾಸಿನಲ್ಲಿ ತಾನು ಮಾತ್ರ ಕುಡಿಯಲಿಲ್ಲ.

ನಾನು ಓಣಿಯ ಮಾತು ಹೇಳಿದ ಮರುದಿನ ಮಧ್ಯಾಹ್ನ ರೊಟ್ಟಿ ಬಿಚ್ಚಿ ಕೂತಿದ್ದೆ. ಅವಳು ಬರುವುದಿಲ್ಲ ಅಂದುಕೊಂಡಿದ್ದೆ, ಬಂದಳು. ಸೆರಗಿನ ಗಂಟಿನಿಂದ ಶೇಂಗಾ ಹಿಂಡಿ ತೆಗೆದು ನನ್ನ ಮುಂದೆ ಇಟ್ಟಳು. ಡಬ್ಬಿ ಇರಲಿಲ್ಲ. ಹಿಂಡಿಯನ್ನು ಹಳೆಯ ಪೇಪರಿನಲ್ಲಿ ಚೊಕ್ಕಟಾಗಿ ಪೊಟ್ಟಣ ಕಟ್ಟಿದ್ದಳು. ತಿರುಗಿ ಒಯ್ಯಬೇಕಾದದ್ದು ಏನೂ ಇರಲಿಲ್ಲ. ಎಂದಿನಂತೆ ಎದುರಿಗೆ ಕೂತು, ಸೊಸೆ ಕುಟ್ಟಿದ್ದು, ಉಪ್ಪು ಸರಿ ಇದೆಯೇ ಎಂದು ಕೇಳಿದಳು. ಅವಳಿಗೆ ನನ್ನ ಮೇಲೆ ಪ್ರೀತಿ ಇತ್ತು. ಆಗಲೂ ಅದು ಸುಳ್ಳಾಗಿರಲಿಲ್ಲ.

ಪೊಟ್ಟಣ ಬಿಚ್ಚಿ ರೊಟ್ಟಿಗೆ ಹಚ್ಚಿಕೊಂಡೆ. ತಂಗಿಯಾಗಿದ್ದರೆ ಅದನ್ನು ನೆಲದ ಮೇಲೆ ಇಡುತ್ತಿದ್ದಳು.

"ಸರಿ ಐತಿ," ಅಂದೆ.